ಆಂಥೋನಿ ಸರ್ ಅವರ ಕೊನೆಯ ವರ್ಷ

ಈಗ ನಾನು ಕೆಲಸ ಮಾಡುವ ಶಾಲೆಗೆ ಮೈದಾನವಿಲ್ಲ. ಹೊರಮಾವಿನಲ್ಲಿ ಎರಡು ಅಪಾರ್ಟ್‌ಮೆಂಟುಗಳ ನಡುವೆ ಸಿಕ್ಕಿಕೊಂಡಿರುವ ನಾಲ್ಕಂತಸ್ತಿನ ಕಟ್ಟಡ ಅದು. ಮಕ್ಕಳು ಆಡುವುದು ತಾರಸಿಯ ಮೇಲೆ, ತಗಡಿನ ಚಾವಣಿಯ ಕೆಳಗೆ. ವರ್ಷಕ್ಕೊಮ್ಮೆ ಕ್ರೀಡಾ ದಿನಕ್ಕೆಂದು ಯಾರದೋ ಖಾಲಿ ಜಾಗವನ್ನು ಒಂದು ದಿನದ ಮಟ್ಟಿಗೆ ಬಾಡಿಗೆಗೆ ಹಿಡಿಯುತ್ತೇವೆ. ಕಳೆದ ಡಿಸೆಂಬರಿನಲ್ಲಿ ಅಂಥದೊಂದು ಜಾಗದಲ್ಲಿ ಬೆಳಗಿನ ಮಂಜಿನಲ್ಲಿ ನಿಂತು ಓಟದ ಗೆರೆ ಹಾಕಿಸುತ್ತಿದ್ದೆ. ಹಸಿ ಮಣ್ಣಿನ ಮೇಲೆ ಸುಣ್ಣದ ಪುಡಿ ಬಿದ್ದಾಗ ಮೂಗಿಗೆ ಅಡರುವ ಒಂದು ಘಾಟು ವಾಸನೆ ಇದೆ. ಅದು ತಾಗಿದ್ದೇ ತಡ, ಕೈಯಲ್ಲಿದ್ದ ಟೇಪನ್ನು ಜೊತೆಗಿದ್ದ ಟೀಚರಿಗೆ ಕೊಟ್ಟು ಒಂದು ಕಲ್ಲಿನ ಮೇಲೆ ಕುಳಿತುಬಿಟ್ಟೆ. ನನಗೆ ಬಿ.ಪಿ. ಏರಿತೇನೋ ಎಂದು ಅವಳು ಗಾಬರಿಯಾದಳು. ನನಗೆ ನೆನಪಾದದ್ದು ಹಲಸೂರಿನ ಒಂದು ಕಾಲೇಜಿನ ಮೈದಾನ, ಮತ್ತು ೧೯೯೮ರ ಜೂನಿನಿಂದ ಮರುವರ್ಷದ ಜೂನಿನವರೆಗೆ ನಾನು ಅಲ್ಲಿ ಕಳೆದ ದಿನಗಳು.

ನಾನು ಸೇಡಂ ಕಡೆಯವಳು. ಹೆಸರು ಮಹಾನಂದಾ. ಓದುವಾಗ ಎಂಟುನೂರು ಮೀಟರ್ ಓಡುತ್ತಿದ್ದೆ. ದೊಡ್ಡ ಓಟಗಾರ್ತಿಯೇನೂ ಅಲ್ಲ, ಆದರೆ ಓಟ ಬಿಟ್ಟರೆ ನನಗೆ ಬೇರೇನೂ ಬರುತ್ತಿರಲಿಲ್ಲ. ಗುಲ್ಬರ್ಗಾದಲ್ಲಿ ದೈಹಿಕ ಶಿಕ್ಷಣದಲ್ಲಿ ಎಂ.ಪಿ.ಎಡ್. ಮುಗಿಸಿ, ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಬಂದೆ. ಅಣ್ಣ ಬಸವರಾಜ ಕೆ.ಆರ್. ಪುರದ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ. ಅವನು, ವೈನಿ, ಅವರ ಕೂಸು ಇದ್ದ ಒಂದೇ ಕೋಣೆಯ ಮನೆಯಲ್ಲಿ ಒಲೆಯ ಕಟ್ಟೆಯ ಪಕ್ಕದಲ್ಲಿ ನನ್ನ ಚಾಪೆ. ವಠಾರದಲ್ಲಿ ಇದ್ದವರೆಲ್ಲ ರಾಯಚೂರು, ಯಾದಗಿರಿ, ಬೀದರಿನ ಕಡೆಯವರು. ಗಾರೆ ಕೆಲಸಕ್ಕೆ, ಕಾರ್ಖಾನೆಗೆ ಹೋಗುವವರು. ಹಲಸೂರಿನ ಕಾಲೇಜಿನಲ್ಲಿ ನನಗೆ ಕೆಲಸ ಸಿಕ್ಕಿತೆಂದು ವೈನಿ ಸಕ್ಕರೆ ಹಂಚಿದಾಗ ಪಕ್ಕದ ಮನೆಯ ಮುದುಕಿ, "ಏನ್ ಕಲಸ್ತಾಳ ಅಕಿ?" ಎಂದು ಕೇಳಿದಳು. "ಆಟ ಆಡಸ್ತಾಳ" ಎಂದಳು ವೈನಿ. ಮುದುಕಿ ನನ್ನ ಮುಖ ನೋಡಿ, ಸಕ್ಕರೆ ಬಾಯಿಗೆ ಹಾಕಿಕೊಂಡು, "ಅದಕ್ಕೂ ಪಗಾರ ಕೊಡ್ತಾರೇನು" ಎಂದಳು.

ಸಿಕ್ಕಿದ್ದು ಒಂದು ವರ್ಷದ ತಾತ್ಕಾಲಿಕ ಕೆಲಸ, ದೈಹಿಕ ಶಿಕ್ಷಣ ನಿರ್ದೇಶಕರಿಗೆ ಸಹಾಯಕಿ. ನಿರ್ದೇಶಕರು ಮರುವರ್ಷ ಮೇ ತಿಂಗಳಲ್ಲಿ ನಿವೃತ್ತರಾಗುವವರಿದ್ದರು. ಅವರದು ಸರ್ಕಾರದ ಸಂಬಳದ ಹುದ್ದೆ. ಸಂದರ್ಶನದ ದಿನ ಪ್ರಿನ್ಸಿಪಾಲರು, "ಒಂದು ವರ್ಷ ಅವರ ಕೈ ಕೆಳಗೆ ಕೆಲ್ಸ ಕಲೀರಿ. ಆಮೇಲೆ ಮ್ಯಾನೇಜ್‌ಮೆಂಟಿನೋರು ನಿಮ್ ಹೆಸರೇ ಕಳಿಸ್ತಾರೆ" ಎಂದಿದ್ದರು. ಆ ಮಾತನ್ನು ನಾನು ಬಸ್ಸಿನಲ್ಲಿ ಕೆ.ಆರ್. ಪುರ ತಲುಪುವವರೆಗೂ ಮನಸ್ಸಿನಲ್ಲಿ ಹೇಳಿಕೊಳ್ಳುತ್ತಾ ಬಂದೆ. ಆಗ ಕಾಲೇಜುಗಳಲ್ಲಿ ಹೆಣ್ಣುಮಕ್ಕಳು ಈ ಹುದ್ದೆಯಲ್ಲಿ ಇದ್ದದ್ದೇ ಕಡಿಮೆ. ಮುಂದೆ ವಿಶ್ವವಿದ್ಯಾಲಯದ ಕ್ರೀಡಾ ವಿಭಾಗಕ್ಕೆ ಹೋಗಬಹುದು, ರಾಜ್ಯದ ತಂಡಗಳನ್ನು ಕರೆದೊಯ್ಯಬಹುದು ಎಂದೆಲ್ಲ ಲೆಕ್ಕ ಹಾಕಿದ್ದೆ.

ನಿರ್ದೇಶಕರ ಹೆಸರು ಆಂಥೋನಿ. ಹಲಸೂರಿನಲ್ಲೇ ಹುಟ್ಟಿ ಬೆಳೆದವರು, ಮನೆಮಾತು ತಮಿಳು. ವಯಸ್ಸಿನಲ್ಲಿ ಹಾಕಿ ಆಡುವಾಗ ಮುರಿದಿದ್ದ ಮೂಗು ಸ್ವಲ್ಪ ಎಡಕ್ಕೆ ವಾಲಿತ್ತು. ಮೊದಲ ದಿನ ನಾನು ಹೊಸ ಟ್ರ್ಯಾಕ್ ಸೂಟ್ ಹಾಕಿಕೊಂಡು ಹೋದಾಗ ಅವರು ಮೆಟ್ಟಿಲ ಕೆಳಗಿನ ಕ್ರೀಡಾ ಕೋಣೆಯಲ್ಲಿ ಒಡೆದ ಷಟಲ್ ಕಾಕುಗಳನ್ನು ಒಂದು ಡಬ್ಬಕ್ಕೆ ತುಂಬುತ್ತಿದ್ದರು.

"ಓಡ್ತಿದ್ಯಂತೆ?" ಎಂದರು.

"ಹೌದು ಸರ್, ಎಂಟ್ನೂರು ಮೀಟ್ರು."

"ಇನ್ಮೇಲೆ ಓಡೋದು ಜಾಸ್ತಿ ಇರುತ್ತಮ್ಮಾ. ಆದ್ರೆ ಎಲ್ಲಾ ಆಫೀಸಿಂದ ಆಫೀಸಿಗೆ."

ಅದು ತಮಾಷೆಯ ಮಾತಲ್ಲವೆಂದು ನನಗೆ ಬೇಗ ತಿಳಿಯಿತು. ಕಾಲೇಜಿನ ಕ್ರೀಡೆ ಎಂದರೆ ಬೆಳಗ್ಗೆ ಒಂದು ಗಂಟೆ ಮೈದಾನ, ಉಳಿದ ದಿನವೆಲ್ಲ ಬೇರೆಯವರ ಬಾಗಿಲು. ಪಂದ್ಯಕ್ಕೆ ಹೋದ ಹುಡುಗರ ಹಾಜರಿ ಹಾಕಿಸಿಕೊಳ್ಳಲು ಪಾಠದವರ ಬಾಗಿಲು, ವ್ಯಾನಿಗಾಗಿ ಕಚೇರಿಯ ಬಾಗಿಲು, ಬೇರೆ ಕಾಲೇಜಿನ ಕೋರ್ಟು ಒಂದು ಗಂಟೆ ಕೊಡಿ ಎಂದು ಕೇಳಲು ಅವರ ನಿರ್ದೇಶಕರ ಬಾಗಿಲು. ಆಂಥೋನಿ ಸರ್‌ಗೆ ಎಲ್ಲ ಬಾಗಿಲೂ ಗೊತ್ತಿತ್ತು. ಪ್ರಿನ್ಸಿಪಾಲರನ್ನು ಊಟವಾದ ಮೇಲೆಯೇ ಕಾಣಬೇಕು, ಇಂಗ್ಲಿಷ್ ವಿಭಾಗದ ಮೇಡಂ ಹತ್ತಿರ ಮೊದಲು ಅವರ ನಾಯಿಯ ಆರೋಗ್ಯ ವಿಚಾರಿಸಬೇಕು. ಎಷ್ಟೋ ಸಲ ಮೂರು ಗಂಟೆ ಕಾದು ಬರಿಗೈಲಿ ಬರುತ್ತಿದ್ದೆವು. ಅವರು ಬೇಸರ ಮಾಡಿಕೊಳ್ಳುತ್ತಿರಲಿಲ್ಲ. ಕೆರೆ ಎದುರಿನ ಅಂಗಡಿಯಲ್ಲಿ ಟೀ ಕುಡಿಸಿ, "ನಾಳೆ ಬರೋಣ" ಎನ್ನುತ್ತಿದ್ದರು. ಮೂವತ್ತು ವರ್ಷ ಅವರು ಅದನ್ನೇ ಹೇಳಿಕೊಂಡು ಬಂದಿದ್ದರು ಎಂದು ತೋರುತ್ತದೆ.

ಆ ವರ್ಷ ಜೂನ್ ಜುಲೈನ ಮಳೆ ಬಿಡದೆ ಹಿಡಿಯಿತು. ನಮ್ಮ ಮೈದಾನ ಇಳಿಜಾರಿನಲ್ಲಿದ್ದುದರಿಂದ ಮೇಲಿನ ರಸ್ತೆಯ ನೀರೆಲ್ಲ ಅಲ್ಲಿಗೇ ಬಂದು ನಿಲ್ಲುತ್ತಿತ್ತು. ನಾವು ಗುದ್ದಲಿ ಹಿಡಿದು ಕಾಲುವೆ ತೋಡಿ ನೀರು ಹರಿಸಿ, ಕಲ್ಲು ಆಯ್ದು, ಗೆರೆ ಹಾಕುತ್ತಿದ್ದೆವು. ಸಂಜೆಯ ಮಳೆಗೆ ಗೆರೆ ಕರಗಿ ಹಾಲಿನ ಹಾಗೆ ಹರಿದುಹೋಗುತ್ತಿತ್ತು. ಮರುದಿನ ಮತ್ತೆ ಸುಣ್ಣ. ಅಂಥ ಒಂದು ಬೆಳಗ್ಗೆ ಬಿ.ಕಾಂ. ಎರಡನೇ ವರ್ಷದ ಮುಬೀನಾ ಬಂದಳು. ಸಲ್ವಾರನ್ನು ಮೊಣಕಾಲಿನ ಕೆಳಗೆ ಪಿನ್ನು ಹಾಕಿ ಬಿಗಿ ಮಾಡಿಕೊಂಡಿದ್ದಳು, ಕಾಲಲ್ಲಿ ಬಿಳಿ ಕ್ಯಾನ್‌ವಾಸ್ ಶೂ. ಗೇಟಿನ ಹತ್ತಿರ ಅವಳ ತಂದೆ ಹಳೆಯ ಸ್ಕೂಟರಿನ ಮೇಲೆ ಕೂತು ನೋಡುತ್ತಿದ್ದರು.

"ಮೇಡಂ, ನಾನು ಓಡ್ಬೋದಾ?" ಎಂದಳು.

"ಓಡು."

ಕೆಸರಿನಲ್ಲಿ ಓಡಿದಳು. ನಾನು ಸುಮ್ಮನೆ ನೋಡುತ್ತಿದ್ದವಳು ಎರಡನೆಯ ಸುತ್ತಿಗೆ ಗಡಿಯಾರ ತೆಗೆದೆ, ಮೂರನೆಯ ಸುತ್ತಿಗೆ ಆಂಥೋನಿ ಸರ್ ಅವರನ್ನು ಕರೆದೆ. ಅವಳ ತೋಳುಗಳು ಒಂದಿಷ್ಟೂ ಬಿಗಿಯಾಗುತ್ತಿರಲಿಲ್ಲ. ದಣಿದಷ್ಟೂ ಮುಖ ಇನ್ನೂ ಶಾಂತವಾಗುತ್ತಿತ್ತು. ಆಂಥೋನಿ ಸರ್ ಇನ್ನೊಂದು ಸುತ್ತು ನೋಡಿದರು. ಆಮೇಲೆ, "ಇವಳನ್ನ ಯಾರಿಗೂ ತೋರಿಸ್ಬೇಡಮ್ಮಾ ನವೆಂಬರ್‌ವರೆಗೂ" ಎಂದರು.

ಅವಳ ತಂದೆ ಶಿವಾಜಿನಗರದ ಮಾರುಕಟ್ಟೆಯಲ್ಲಿ ಹಣ್ಣಿನ ವ್ಯಾಪಾರ ಮಾಡುತ್ತಿದ್ದರು. ಬೆಳಗಿನ ಜಾವ ಹಣ್ಣಿನ ಲಾರಿ ಇಳಿಸಿಕೊಂಡು, ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ, ಮಗಳನ್ನು ಕರೆತರುತ್ತಿದ್ದರು. ಅವರ ಸ್ವೆಟರಿಗೆ ಕಿತ್ತಳೆಯ ವಾಸನೆ ಇರುತ್ತಿತ್ತು. ಮನೆಯಲ್ಲಿ ದೊಡ್ಡವರು ಬೇಡವೆಂದಿದ್ದರಂತೆ. ಒಂದು ದಿನ ನಾನೇ ಕೇಳಿದೆ, ನಿಮಗೆ ತೊಂದರೆ ಆಗುತ್ತಿದೆಯಾ ಎಂದು. "ತೊಂದ್ರೆ ಇದೆ ಮೇಡಂ" ಎಂದರು ನಿಧಾನವಾಗಿ. "ನಮ್ದು ಮನೇಲಿ ಯಾರೂ ಏನೂ ಆಗಿಲ್ಲ. ಇವಳು ಓಡೋದು ನೋಡಿದ್ರೆ ಏನೋ ಆಗ್ತಾಳೆ ಅನ್ಸುತ್ತೆ. ನೀವು ಜೊತೇಲಿ ಇರ್ತೀರಲ್ಲ, ಅಷ್ಟು ಸಾಕು." ವಿಶ್ವವಿದ್ಯಾಲಯದ ತಂಡದಲ್ಲಿ ಹೊರರಾಜ್ಯಕ್ಕೆ ಹೋಗಿ ಬಂದವರಿಗೆ ರೈಲ್ವೆಯಲ್ಲೋ ಪೊಲೀಸಿನಲ್ಲೋ ಕ್ರೀಡಾ ಕೋಟಾದಲ್ಲಿ ಕೆಲಸ ಸಿಗುವ ದಾರಿ ಇದೆ ಎಂದು ನಾನು ಅವರಿಗೆ ವಿವರಿಸಿದೆ. ಅವರು ಅದನ್ನು ಮಾರುಕಟ್ಟೆಯಲ್ಲೆಲ್ಲ ಹೇಳಿಕೊಂಡು ಬಂದರು.

ನವೆಂಬರಿನ ಅಂತರ ಕಾಲೇಜು ಕೂಟದಲ್ಲಿ ಸಾವಿರದೈನೂರು ಮೀಟರ್ ಓಟಕ್ಕೆ ಮುಬೀನಾಳನ್ನು ಇಳಿಸಿದೆವು. ಅವಳ ಹೆಸರನ್ನೇ ಯಾರೂ ಕೇಳಿರಲಿಲ್ಲ. ಮೂರು ಸುತ್ತು ಗುಂಪಿನ ಹಿಂದೆ ಸುಮ್ಮನೆ ಓಡಿದಳು. ಕೊನೆಯ ಸುತ್ತಿಗೆ ಹೊರಗಿನಿಂದ ಬಂದು ಒಬ್ಬೊಬ್ಬರನ್ನೇ ದಾಟಿ ಎರಡನೆಯವಳಾಗಿ ಮುಗಿಸಿದಳು. ಮೊದಲ ಸ್ಥಾನ ಬಂದವಳು ರಾಷ್ಟ್ರ ಮಟ್ಟದ ಹುಡುಗಿ. ಅವಳಿಗೂ ಮುಬೀನಾಳಿಗೂ ಒಂದು ಮಾರು ಅಂತರ. ಸಂಜೆ ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯಾದವರ ಹೆಸರು ಓದಿದಾಗ ಮುಬೀನಾಳ ತಂದೆ ನನ್ನ ಕಡೆ ತಿರುಗಿ ಕೈಮುಗಿದರು. ಆಂಥೋನಿ ಸರ್ ನಮ್ಮನ್ನೆಲ್ಲ ಫ್ರೇಜರ್ ಟೌನಿನ ಹೋಟೆಲೊಂದಕ್ಕೆ ಕರೆದುಕೊಂಡು ಹೋಗಿ ಬಿರಿಯಾನಿ ಕೊಡಿಸಿದರು. ಮಾಂಸ ತಿನ್ನದ ನನಗೆ ಮೊಟ್ಟೆ ದೋಸೆ. "ರಿಟೈರ್ ಆಗೋ ವರ್ಷ ಒಂದು ಸಿಕ್ತಲ್ಲಮ್ಮಾ" ಎಂದು ಅವರು ಎರಡು ಸಲ ಹೇಳಿದರು. ಆ ವರ್ಷದಲ್ಲಿ ನಾನು ಸಂತೋಷವಾಗಿದ್ದ ದಿನ ಅದೊಂದೇ ಎಂದರೂ ತಪ್ಪಾಗದು.

ಡಿಸೆಂಬರಿನಲ್ಲಿ ಮುಬೀನಾ ತರಬೇತಿ ಶಿಬಿರಕ್ಕೆ ಸೇರಿಕೊಂಡಳು. ತಂಡ ಜನವರಿಯ ಕೊನೆಗೆ ಹೊರಡುವುದಿತ್ತು. ಈ ನಡುವೆ ಗಂಡುಮಕ್ಕಳ ಬಾಸ್ಕೆಟ್‌ಬಾಲ್ ಪಂದ್ಯಗಳು ಶುರುವಾದವು. ನಮ್ಮ ಕಾಲೇಜಿನ ತಂಡ ಸಾಧಾರಣವಾಗಿತ್ತು. ಆಡಳಿತ ಮಂಡಳಿಯ ಅಧ್ಯಕ್ಷರಿಗೆ ಬಾಸ್ಕೆಟ್‌ಬಾಲ್ ಎಂದರೆ ಜೀವ. ಅವರ ಅಕ್ಕನ ಮಗ ಕಿರಣ್ ಎಂಬವನು ನಮ್ಮಲ್ಲೇ ಓದಿ, ಎರಡು ವರ್ಷದ ಹಿಂದೆ ಡಿಗ್ರಿ ಮುಗಿಸಿ ಹೋಗಿದ್ದ. ಚೆನ್ನಾಗಿ ಆಡುತ್ತಿದ್ದ, ಅದು ಸುಳ್ಳಲ್ಲ. ಒಂದು ಮಧ್ಯಾಹ್ನ ಪ್ರಿನ್ಸಿಪಾಲರು ನನ್ನನ್ನು ಕರೆಸಿದರು.

"ನಾಡಿದ್ದು ಸೆಮಿಫೈನಲ್‌ಗೆ ಟೀಂ ಜೊತೆ ನೀವು ಹೋಗ್ಬೇಕು, ಮ್ಯಾನೇಜರ್ ಆಗಿ" ಎಂದರು. "ಕಿರಣ್ ಆಡ್ತಾನೆ."

"ಸರ್, ಅವರು ಈಗ ನಮ್ ಸ್ಟೂಡೆಂಟ್ ಅಲ್ವಲ್ಲ."

"ಸಂದೀಪ್ ಅಂತ ಒಬ್ಬ ಇದಾನೆ, ಫೈನಲ್ ಇಯರ್. ಅವನ ಹೆಸ್ರಲ್ಲಿ ಆಡ್ತಾನೆ. ಒಂದೆರಡು ಪಂದ್ಯ ಅಷ್ಟೆ. ಎಲ್ಲಾ ಕಾಲೇಜಿನೋರೂ ಮಾಡ್ತಾರೆ." ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಒಳ್ಳೆಯ ಮನುಷ್ಯರೇ ಅವರು, ನನ್ನ ಮುಖ ನೋಡಿ ಹೇಳಲು ಅವರಿಗೂ ಕಷ್ಟವಾಗುತ್ತಿತ್ತು. "ನಿಮ್ಮ ಪರ್ಮನೆಂಟ್ ವಿಷ್ಯ ಈ ತಿಂಗಳ ಮೀಟಿಂಗಿಗೆ ಬರ್ತಿದೆ. ಅಧ್ಯಕ್ಷರೇ ನಿಮ್ ಹೆಸರು ಹೇಳಿದ್ರು ಟೀಂ ಜೊತೆ ಹೋಗಕ್ಕೆ."

ಯೋಚಿಸಿ ಹೇಳುತ್ತೇನೆಂದು ಹೊರಗೆ ಬಂದೆ. ಸಂಜೆ ಮನೆಗೆ ಹೋಗಿ ಅಣ್ಣನಿಗೆ ಹೇಳಿದೆ. ಅವನು ಶಿಫ್ಟ್ ಮುಗಿಸಿ ಬಂದು ರೊಟ್ಟಿ ಉಣ್ಣುತ್ತಿದ್ದ.

"ನಾಕ್ ತಾಸಿನ ಮಾತದ" ಎಂದ. "ಹೋಗಿ ಕುಂತು ಬಾ. ನೀ ಒಬ್ಬಾಕಿ ಬ್ಯಾಡಂದ್ರ ಅವರ ಆಟ ನಿಂದರ್ತದೇನು?"

"ನಿಂದರಂಗಿಲ್ಲ."

"ಮತ್ತ? ನೌಕ್ರಿ ಪಕ್ಕಾ ಆದ್ರ ಅವ್ವನ್ನ ಕರ್ಕೊಂಡ್ ಬರಬಹುದು, ಎರಡು ಖೋಲಿ ಮನಿ ಹಿಡೀಬಹುದು. ಯಾರಿಗಿ ಏನ್ ಲುಕ್ಸಾನ ಅದರಾಗ?"

ನಾನು ಓಡುತ್ತಿದ್ದ ಕಾಲದಲ್ಲಿ ಒಂದು ಸಲ ಫೈನಲ್ ಓಟದಲ್ಲಿ ನನ್ನನ್ನು ಹಿಂದೆ ಹಾಕಿ ಮೂರನೆಯವಳಾಗಿ ಬಂದ ಹುಡುಗಿ ಬೇರೆ ಯಾರದೋ ಹೆಸರಿನಲ್ಲಿ ಓಡಿದವಳೆಂದು ಆಮೇಲೆ ಗೊತ್ತಾಗಿತ್ತು. ಅವಳ ಕಾಲೇಜಿನ ಮಾಸ್ತರು ಗೆರೆಯ ಆಚೆ ನಿಂತು ಚಪ್ಪಾಳೆ ತಟ್ಟಿದ್ದರು. ಆ ಚಪ್ಪಾಳೆಯನ್ನು ನಾನು ಮರೆತಿರಲಿಲ್ಲ. ಆದರೆ ಅಣ್ಣನಿಗೆ ಇದನ್ನೆಲ್ಲ ಹೇಳಿದರೆ ಏನು ಅರ್ಥವಾಗುತ್ತದೆ ಎಂದು ಸುಮ್ಮನಾದೆ. ವೈನಿ ಮಾತ್ರ, "ಅಕಿಗಿ ಮನಸಿಲ್ಲಂದ್ರ ಬಿಡ್ರಿ" ಎಂದು ಇನ್ನೊಂದು ರೊಟ್ಟಿ ಹಾಕಿದಳು.

ಬೆಳಗ್ಗೆ ಆಂಥೋನಿ ಸರ್‌ಗೆ ವಿಷಯ ಮೊದಲೇ ತಿಳಿದಿತ್ತು. ಕೋಣೆಯಲ್ಲಿ ಚೆಂಡುಗಳಿಗೆ ಗಾಳಿ ಹೊಡೆಯುತ್ತಾ ಕುಳಿತಿದ್ದರು.

"ನಾನು ಹೋಗಲ್ಲ ಅಂತ ಹೇಳ್ಬಿಡ್ತೀನಿ ಸರ್" ಎಂದೆ.

"ನೀನೇನೂ ಹೇಳ್ಬೇಡ. ಹುಡುಗೀರ ಮ್ಯಾಚ್ ಇದೆ ಅಂತ ನಾನೇ ಹೇಳಿದೀನಿ. ಟೀಂ ಜೊತೆ ನಾನ್ ಹೋಗ್ತೀನಿ."

"ನೀವು ಯಾಕೆ ಸರ್?"

"ನಂದು ಮುಗೀತಮ್ಮಾ. ನಿನ್ನ ಹೆಸ್ರು ಇನ್ನೂ ಹೊಸದು, ಅದನ್ನ ಕೆಡಿಸ್ಕೋಬೇಡ." ಪಂಪು ಕೆಳಗಿಟ್ಟು ಚೆಂಡನ್ನು ಒಂದು ಸಲ ನೆಲಕ್ಕೆ ಬಡಿದು ನೋಡಿದರು. "ಮತ್ತೆ ನನ್ ಪೆನ್ಶನ್ ಪೇಪರು ಅಧ್ಯಕ್ಷರ ಟೇಬಲ್ ಮೇಲೇ ಇದೆ. ಅದೂ ಇದೆ. ಸುಳ್ಳು ಯಾಕೆ ಹೇಳ್ಲಿ."

ಸೆಮಿಫೈನಲ್ ನಡೆದದ್ದು ಇಂದಿರಾನಗರದ ಒಂದು ಕ್ಲಬ್ಬಿನ ಕೋರ್ಟಿನಲ್ಲಿ. ಅದೇ ಬೆಳಗ್ಗೆ ಅಲ್ಲಿ ನಮ್ಮ ಹುಡುಗಿಯರ ಪಂದ್ಯವೂ ಇದ್ದುದರಿಂದ ನಾನು ಗ್ಯಾಲರಿಯಲ್ಲಿದ್ದೆ. ಬಿಸಿಲು ಹಿತವಾಗಿತ್ತು. ಆಂಥೋನಿ ಸರ್ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬೆಂಚಿನ ತುದಿಯಲ್ಲಿ ಕೂತಿದ್ದರು. ಕಿರಣ್ ಮೈ ಬೆಚ್ಚಗಾಗಿಸಿಕೊಳ್ಳುತ್ತಾ ಕೋರ್ಟಿನ ಬದಿಯಲ್ಲಿ ಓಡಾಡುತ್ತಿದ್ದ. ಆಗ ಗೇಟಿನಿಂದ ವಯಸ್ಸಾದ ಒಬ್ಬರು ಒಳಗೆ ಬಂದರು. ರಿಚರ್ಡ್ಸ್ ಟೌನಿನ ಒಂದು ಶಾಲೆಯಲ್ಲಿ ಪಿ.ಟಿ. ಮಾಸ್ಟರಾಗಿದ್ದವರು, ಸುಮ್ಮನೆ ಪಂದ್ಯ ನೋಡಲು ಬಂದಿದ್ದರು. ಅವರು ಅಂಕ ಬರೆಯುವವರ ಮೇಜಿನ ಮುಂದೆಯೇ ನಿಂತು, ಮುಖವರಳಿಸಿ, "ಏನೋ ಕಿರಣ್, ಇನ್ನೂ ಕಾಲೇಜಿಗೆ ಆಡ್ತಾನೇ ಇದೀಯಾ? ಡಿಗ್ರಿ ಮುಗಿದು ಎಷ್ಟು ವರ್ಷ ಆಯ್ತೋ?" ಎಂದು ಅವನ ಬೆನ್ನು ತಟ್ಟಿದರು.

ಅವರ ಮನಸ್ಸಿನಲ್ಲಿ ಏನೂ ಇರಲಿಲ್ಲ. ಹಳೆಯ ಶಿಷ್ಯನನ್ನು ಕಂಡ ಖುಷಿ ಅಷ್ಟೆ. ಆದರೆ ಮೇಜಿನವರು ತಲೆ ಎತ್ತಿದರು. ಎದುರು ತಂಡದ ನಿರ್ದೇಶಕರು ಎದ್ದು ಬಂದರು. ಕಿರಣ್ ಶೂ ಲೇಸು ಕಟ್ಟಿಕೊಳ್ಳುವವನಂತೆ ಬಗ್ಗಿಬಿಟ್ಟ.

ಪಂದ್ಯದ ಮೇಲ್ವಿಚಾರಕ ಆಂಥೋನಿ ಸರ್ ಹತ್ತಿರ ಬಂದ. ಬಹಳ ಮರ್ಯಾದೆಯಿಂದ, ಸ್ವಲ್ಪ ಬಗ್ಗಿ ಕೇಳಿದ. "ಸರ್, ಈ ಹುಡ್ಗ ಸಂದೀಪ್ ಅಲ್ಲ ಅಂತ ನಿಮಗೆ ಗೊತ್ತಿತ್ತಾ? ಗೊತ್ತಿರ್ಲಿಲ್ಲ ಅಂದ್ರೆ ಹೇಳ್ಬಿಡಿ ಸರ್, ಅವನೊಬ್ಬನ್ನ ಹೊರಗೆ ಹಾಕಿ ಪಂದ್ಯ ಶುರು ಮಾಡ್ತೀವಿ."

ಅವನು ದಾರಿ ತೋರಿಸಿ ಕೊಟ್ಟಿದ್ದ. ಗ್ಯಾಲರಿಯಲ್ಲಿ ಕೂತ ನನಗೂ ಅದು ಕಾಣುತ್ತಿತ್ತು. ಹೇಳಿಬಿಡಿ ಸರ್, ಗೊತ್ತಿರಲಿಲ್ಲ ಎಂದುಬಿಡಿ ಎಂದು ನಾನು ಮನಸ್ಸಿನಲ್ಲಿ ಬೇಡಿಕೊಂಡೆ. ಆಂಥೋನಿ ಸರ್ ಎದ್ದು ನಿಂತರು. ಮೇಜಿನ ಹಿಂದೆ ಕೂತವರನ್ನು ಒಬ್ಬೊಬ್ಬರಾಗಿ ನೋಡಿದರು.

"ಗೊತ್ತಿತ್ತಪ್ಪಾ" ಎಂದರು.

ಪಂದ್ಯ ನಡೆಯಲಿಲ್ಲ. ವಾರದೊಳಗೆ ವಿಶ್ವವಿದ್ಯಾಲಯದ ತೀರ್ಮಾನ ಬಂತು. ಆಟಗಾರ ಒಬ್ಬನೇ ಮಾಡಿದ್ದರೆ ಅವನಿಗಷ್ಟೇ ಶಿಕ್ಷೆ ಇರುತ್ತಿತ್ತು. ಕಾಲೇಜೇ ತಿಳಿದು ಮಾಡಿದ ಮೋಸವಾದ್ದರಿಂದ ಆ ವರ್ಷ ಉಳಿದ ಎಲ್ಲ ಕ್ರೀಡೆಗಳಿಂದ ಕಾಲೇಜನ್ನು ಹೊರಗಿಟ್ಟಿದ್ದರು. ವಿಶ್ವವಿದ್ಯಾಲಯದ ತಂಡಗಳಿಗೆ ಆಯ್ಕೆಯಾಗಿದ್ದ ನಮ್ಮ ವಿದ್ಯಾರ್ಥಿಗಳನ್ನೂ ಕೈಬಿಟ್ಟಿದ್ದರು. ಹಾಗೆ ಆಯ್ಕೆಯಾಗಿದ್ದವಳು ಒಬ್ಬಳೇ.

ಮುಬೀನಾ ಶಿಬಿರದಿಂದ ಚೀಲ ಹಿಡಿದುಕೊಂಡು ನೇರವಾಗಿ ಕ್ರೀಡಾ ಕೋಣೆಗೆ ಬಂದಳು. ಅಳುತ್ತಿರಲಿಲ್ಲ. "ಮೇಡಂ, ಏನೋ ತಪ್ಪಾಗಿದೆ ಅನ್ಸುತ್ತೆ, ನನ್ನ ಮನೆಗೆ ಹೋಗು ಅಂದ್ರು" ಎಂದಳು. ನಾನು ವಿಷಯ ಹೇಳಿದೆ. ಅವಳು ಪೂರ್ತಿ ಕೇಳಿ, "ಅದು ಬಾಯ್ಸ್ ಮ್ಯಾಚ್ ಅಲ್ವಾ?" ಎಂದಳು.

ಮರುದಿನ ನಾನೂ ಅವಳ ತಂದೆಯೂ ವಿಶ್ವವಿದ್ಯಾಲಯದ ಕ್ರೀಡಾ ವಿಭಾಗಕ್ಕೆ ಹೋದೆವು. ಶಿವಾಜಿನಗರದಿಂದ ಎರಡು ಬಸ್ಸು. ಅವರು ಕಪ್ಪು ಕೋಟು ಹಾಕಿಕೊಂಡಿದ್ದರು, ಕೈಯಲ್ಲಿ ಒಂದು ಬುಟ್ಟಿ ಸೇಬು. ಅಧಿಕಾರಿ ನಮ್ಮನ್ನು ಕೂರಿಸಿ ಟೀ ತರಿಸಿದ. ಸೇಬಿನ ಬುಟ್ಟಿ ಮುಟ್ಟಲಿಲ್ಲ.

"ಸಾರ್, ನಮ್ದು ಹುಡ್ಗಿ ಬಾಸ್ಕೆಟ್‌ಬಾಲ್ ಆಡೋದೇ ಇಲ್ಲ" ಎಂದರು ಮುಬೀನಾಳ ತಂದೆ.

"ಗೊತ್ತು" ಎಂದ ಅಧಿಕಾರಿ. "ಅವಳ ತಪ್ಪು ಏನೂ ಇಲ್ಲ. ಆದ್ರೆ ರೂಲ್ ಕಾಲೇಜಿಗೆ ಇರೋದು. ಒಬ್ಬರಿಗೆ ಬಿಟ್ರೆ ಎಲ್ರೂ ಬರ್ತಾರೆ."

"ಮಾರ್ಕೆಟ್ಟಲ್ಲಿ ಎಲ್ಲಾರ್ಗೂ ಹೇಳ್ಬಿಟ್ಟಿದೀನಿ ಸಾರ್."

"ಮುಂದಿನ ವರ್ಷ ಓಡ್ಲಿ. ಚಿಕ್ಕ ಹುಡುಗಿ ತಾನೆ."

ನಾನು ಇಂಗ್ಲಿಷಿನಲ್ಲಿ, ಕನ್ನಡದಲ್ಲಿ, ಕೊನೆಗೆ ನಮ್ಮ ಕಡೆಯ ಮಾತಿನಲ್ಲಿ ಬೇಡಿಕೊಂಡೆ. ಅವನು ಕೇಳಿಸಿಕೊಂಡ. ಅವನ ಹಿಂದಿನ ಕಿಟಕಿಯಲ್ಲಿ ಮೈದಾನ ಕಾಣುತ್ತಿತ್ತು, ಶಿಬಿರದ ಹುಡುಗಿಯರು ಓಡುತ್ತಿದ್ದರು. ಹೊರಗೆ ಬಂದ ಮೇಲೆ ಮುಬೀನಾಳ ತಂದೆ ಸೇಬಿನ ಬುಟ್ಟಿಯನ್ನು ಏನು ಮಾಡುವುದೆಂದು ತಿಳಿಯದೆ ನನ್ನ ಕೈಗೆ ಕೊಟ್ಟರು. "ಮಕ್ಕಳಿಗೆ ಕೊಡಿ ಮೇಡಂ" ಎಂದರು. ಬಸ್ಸಿನಲ್ಲಿ ಅವರು ಹಿಂದಿನ ಸೀಟಿನಲ್ಲಿ ಕೂತರು. ಶಿವಾಜಿನಗರದಲ್ಲಿ ಇಳಿದು ಹೋಗುವಾಗ ನನ್ನ ಕಡೆ ನೋಡಲಿಲ್ಲ. ನನ್ನ ಮೇಲೆ ಕೋಪವಿತ್ತೆಂದು ಹೇಳಲಾರೆ. ಮಾರುಕಟ್ಟೆಯ ಮುಖಗಳನ್ನು ಎದುರಿಸಲು ಸಿದ್ಧರಾಗುತ್ತಿದ್ದರು ಎಂದು ಕಾಣುತ್ತದೆ.

ಆಡಳಿತ ಮಂಡಳಿ ಎಲ್ಲವನ್ನೂ ಆಂಥೋನಿ ಸರ್ ತಲೆಗೆ ಕಟ್ಟಿತು. ದೈಹಿಕ ಶಿಕ್ಷಣ ನಿರ್ದೇಶಕರು ಯಾರಿಗೂ ತಿಳಿಸದೆ ಹೀಗೆ ಮಾಡಿದ್ದಾರೆ ಎಂದು ವಿಚಾರಣೆಯಲ್ಲಿ ಹೇಳಿದರು. ಪ್ರಿನ್ಸಿಪಾಲರು ಪಕ್ಕದಲ್ಲಿ ಕೂತು ನೆಲ ನೋಡುತ್ತಿದ್ದರಂತೆ. ಆಂಥೋನಿ ಸರ್ ಅವರನ್ನು ಅಮಾನತು ಮಾಡಿದರು. ಪೆನ್ಶನ್ ಕಾಗದಗಳು ಎಲ್ಲಿದ್ದವೋ ಅಲ್ಲೇ ಉಳಿದವು. ನಾನು ಬಾಯಿ ಬಿಟ್ಟು, ಪ್ರಿನ್ಸಿಪಾಲರು ಮೊದಲು ಕೇಳಿದ್ದು ನನ್ನನ್ನೇ ಎಂದು ವಿಚಾರಣೆಯವರ ಮುಂದೆ ಹೇಳಿದೆ. ಬರೆದುಕೊಳ್ಳುತ್ತಿದ್ದವನು ಪೆನ್ನು ನಿಲ್ಲಿಸಿದ. "ಅದು ಈಗ ಪ್ರಸ್ತುತ ಅಲ್ಲ ಮೇಡಂ" ಎಂದರು ವಿಚಾರಣೆಯವರು. ಅಷ್ಟಕ್ಕೇ ಮುಗಿಯಿತು.

ಆಂಥೋನಿ ಸರ್ ಮನೆ ಹಲಸೂರು ಮಾರುಕಟ್ಟೆಯ ಹಿಂದಿನ ಓಣಿಯಲ್ಲಿತ್ತು. ಫೆಬ್ರವರಿಯ ಒಂದು ಭಾನುವಾರ ಹೋದೆ. ಅವರ ಹೆಂಡತಿ ಸ್ಟೆಲ್ಲಾ ಅಮ್ಮ ಕಾಫಿ ಕೊಟ್ಟು ಒಳಗೆ ಹೋದರು. ಆಂಥೋನಿ ಸರ್ ಲುಂಗಿಯಲ್ಲಿ ಕೂತಿದ್ದರು. ಹಗಲಿನಲ್ಲಿ ಅವರನ್ನು ಮನೆಯಲ್ಲಿ ನೋಡಿದ್ದು ಅದೇ ಮೊದಲು. ಮನಸ್ಸಿನಲ್ಲಿ ಕುದಿಯುತ್ತಿದ್ದುದನ್ನು ಕೇಳಿಯೇಬಿಟ್ಟೆ.

"ಗೊತ್ತಿರ್ಲಿಲ್ಲ ಅಂದಿದ್ರೆ ಮುಬೀನಾ ಹೋಗ್ತಿದ್ಲಲ್ಲ ಸರ್."

"ಹೌದಮ್ಮಾ."

"ಒಂದು ಮಾತು ಸರ್."

ಅವರು ಕಾಫಿ ಲೋಟ ಕೆಳಗಿಟ್ಟರು. "ಆ ಟೇಬಲ್ ಹಿಂದೆ ಕೂತಿದ್ದೋರೆಲ್ಲ ನನ್ ಹುಡುಗ್ರು. ಇಬ್ಬರಿಗೆ ವಿಸಲ್ ಊದಕ್ಕೆ ಕಲಿಸಿದ್ದೇ ನಾನು. ಅವರು ನನ್ ಮುಖ ನೋಡ್ತಿದ್ರು. ಬಾಯಿಗೆ ಬರ್ಲಿಲ್ಲ ಮಹಾನಂದಾ." ಆಮೇಲೆ, "ಆ ಹುಡ್ಗಿ ಆಗ ನೆನಪಿಗೇ ಬರ್ಲಿಲ್ಲ. ಅದೇ ನೋಡು" ಎಂದರು.

ಅವರು ಸುಳ್ಳು ಹೇಳಬೇಕಿತ್ತು ಎಂದು ಈಗಲೂ ಒಂದೊಂದು ದಿನ ಅನ್ನಿಸುತ್ತದೆ. ಹಾಗೆ ಅನ್ನಿಸಿದ ದಿನ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ. ಇನ್ನೊಂದು ದಿನ ಅವರು ಮಾಡಿದ್ದೇ ಸರಿ ಅನ್ನಿಸುತ್ತದೆ, ಅಂದು ಮುಬೀನಾ ಚೀಲ ಹಿಡಿದು ಬಾಗಿಲಲ್ಲಿ ನಿಂತದ್ದು ಕಣ್ಣಿಗೆ ಬರುತ್ತದೆ.

ಬೇಸಿಗೆ ಬಂತು. ಮೈದಾನ ಬಿರುಕು ಬಿಟ್ಟಿತು, ಆಡುವವರಿಲ್ಲ. ಮೇ ತಿಂಗಳಲ್ಲಿ ಆಂಥೋನಿ ಸರ್ ಅಮಾನತಿನಲ್ಲೇ ನಿವೃತ್ತರಾದರು. ಬೀಳ್ಕೊಡುಗೆ ಇರಲಿಲ್ಲ. ನಾನು ಒಂದು ಶಾಲು, ಒಂದು ಹಾರ ಹಿಡಿದು ಮನೆಗೆ ಹೋದೆ. ಹಾರ ಕೊರಳಿಗೆ ಹಾಕಿಸಿಕೊಳ್ಳಲು ಅವರು ಒಪ್ಪಲಿಲ್ಲ, ಸ್ಟೆಲ್ಲಾ ಅಮ್ಮ ಅದನ್ನು ಮಾತೆಯ ಪಟಕ್ಕೆ ಹಾಕಿದರು. ಮುಬೀನಾ ಬರುತ್ತಾಳೇನೋ ಎಂದು ಸಂಜೆಯವರೆಗೂ ಕಾದೆವು. ಅವಳು ಬರಲಿಲ್ಲ. ಬಿ.ಕಾಂ. ಕೊನೆಯ ವರ್ಷಕ್ಕೂ ಅವಳು ಸೇರಲಿಲ್ಲ. ಕಮರ್ಷಿಯಲ್ ಸ್ಟ್ರೀಟಿನ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕೆ ಹೋಗುತ್ತಿದ್ದಾಳೆಂದು ಕೇಳಿ ಒಮ್ಮೆ ಹುಡುಕಿಕೊಂಡು ಹೋದೆ. ಸೀರೆಗಳನ್ನು ಮಡಿಸುತ್ತಿದ್ದಳು. ಬೆಳಗ್ಗೆ ಬಂದು ಓಡು, ಮುಂದಿನ ವರ್ಷ ಇನ್ನೂ ಇದೆ ಎಂದೆ. "ಇಲ್ಲಿ ದಿನವೆಲ್ಲ ನಿಂತಿರ್ಬೇಕು ಮೇಡಂ, ಸಂಜೆಗೆ ಕಾಲು ಊದ್ಕೊಳುತ್ತೆ" ಎಂದಳು. ಗಿರಾಕಿ ಬಂದರು, ಆ ಕಡೆ ತಿರುಗಿದಳು. ನಾನು ಬೇಡವಾಗಿದ್ದ ಒಂದು ದುಪಟ್ಟಾ ಕೊಂಡು ಹೊರಬಿದ್ದೆ.

ಜೂನಿನಲ್ಲಿ ಕಾಲೇಜು ತೆರೆದಾಗ ನನ್ನ ಕೆಲಸ ಏನಾಯಿತೆಂದು ವಿಚಾರಿಸಲು ಹೋದೆ. ಸರ್ಕಾರ ಹುದ್ದೆ ತುಂಬಲು ಅನುಮತಿ ಕೊಟ್ಟಿಲ್ಲ ಎಂದರು ಪ್ರಿನ್ಸಿಪಾಲರು. ಮಂಡಳಿಯವರೇ ಸಂಬಳ ಕೊಟ್ಟು ಕ್ರೀಡಾ ಸಂಯೋಜಕರೊಬ್ಬರನ್ನು ನೇಮಿಸಿಕೊಂಡಿದ್ದಾರೆ, ಅವರನ್ನು ಕಾಣಿ ಎಂದರು. ಮೆಟ್ಟಿಲ ಕೆಳಗಿನ ಕೋಣೆಗೆ ಸುಣ್ಣ ಬಳಿದಿದ್ದರು, ಹೊಸ ಮೇಜು ಬಂದಿತ್ತು. ಮೇಜಿನ ಹಿಂದೆ ಕಿರಣ್ ಕೂತಿದ್ದ.

ನನ್ನನ್ನು ನೋಡಿ ಎದ್ದು ನಿಂತ. ಕುರ್ಚಿ ತೋರಿಸಿದ. ದುರಹಂಕಾರವೇನೂ ಇರಲಿಲ್ಲ ಅವನಲ್ಲಿ, ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. "ಮೇಡಂ, ಹೋದ ವರ್ಷ ಆಗಿದ್ದು ಆಯ್ತು" ಎಂದ. "ಹುಡುಗೀರಿಗೆ ಲೇಡಿ ಸ್ಟಾಫ್ ಬೇಕು. ಪಾರ್ಟ್ ಟೈಮ್ ಬರ್ತೀರಾ? ವರ್ಷ ವರ್ಷ ರಿನ್ಯೂ ಮಾಡಿಸ್ಕೊಡ್ತೀನಿ."

ಆ ಬೇಸಿಗೆಯಲ್ಲಿ ನಾನು ಹತ್ತಾರು ಕಾಲೇಜು ಅಲೆದಿದ್ದೆ. ಎಲ್ಲಿಯೂ ಜಾಗವಿರಲಿಲ್ಲ. ಅಣ್ಣನ ಕಾರ್ಖಾನೆಯಲ್ಲಿ ಜನರನ್ನು ಮನೆಗೆ ಕಳಿಸುವ ಮಾತು ನಡೆದಿತ್ತು.

"ಬರ್ತೀನಿ ಸರ್" ಎಂದೆ. ಅವನು ನನಗಿಂತ ಮೂರು ವರ್ಷ ಚಿಕ್ಕವನು.

ಅದೇ ಸಂಜೆ ಹಲಸೂರಿನ ಓಣಿಗೆ ಹೋಗಿ ಆಂಥೋನಿ ಸರ್‌ಗೆ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ, ಬೈದರೆ ಒಳ್ಳೆಯದೆಂದೂ ಅನ್ನಿಸಿತ್ತು. ಅವರು ತಲೆಯಾಡಿಸಿದರು. "ಮೈದಾನದ ನೀರಿಗೆ ಈಗ್ಲೇ ಕಾಲುವೆ ತೋಡಿಸ್ಬಿಡಮ್ಮಾ, ಮಳೆ ಜೋರಾದ್ಮೇಲೆ ಆಗಲ್ಲ" ಎಂದರು. ಮುಂದೆ, ಪೆನ್ಶನ್ ಬರಲು ಶುರುವಾಗುವ ಮೊದಲೇ ಅವರು ತೀರಿಕೊಂಡರು.

ನಾನು ಮತ್ತೆ ಕೆಲಸಕ್ಕೆ ಸೇರಿದ ಮರುವಾರ ಹೊಸ ವರ್ಷದ ಹುಡುಗಿಯರನ್ನು ಮೈದಾನಕ್ಕೆ ಕರೆದೆ. ಏಳೆಂಟು ಜನ ಬಂದರು, ತುಂತುರು ಮಳೆ. ಅವರಲ್ಲಿ ಕೆ.ಆರ್. ಪುರದ ಕಡೆಯಿಂದ ಬರುತ್ತಿದ್ದ ಒಬ್ಬಳು, ಗಾರೆ ಕೆಲಸದವರ ಮಗಳು, ಎರಡು ಸುತ್ತು ಓಡಿ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು. ಚೆನ್ನಾಗಿ ಓಡಿದ್ದಳು. ಅದು ಅವಳಿಗೂ ಗೊತ್ತಿತ್ತು.

"ಮೇಡಂ, ಚೆನ್ನಾಗಿ ಓಡಿದ್ರೆ ಎಲ್ಲೀವರ್ಗೂ ಹೋಗ್ಬೋದು?" ಎಂದು ಕೇಳಿದಳು.

ಹಿಂದಿನ ವರ್ಷ ಈ ಪ್ರಶ್ನೆಗೆ ನನ್ನ ಹತ್ತಿರ ಉದ್ದದ ಉತ್ತರವಿತ್ತು. ರೈಲ್ವೆ, ಪೊಲೀಸು, ಹೊರರಾಜ್ಯ ಎಂದೆಲ್ಲ ಹೇಳಿ ಮುಗಿಸುತ್ತಿರಲಿಲ್ಲ. ಉಳಿದ ಹುಡುಗಿಯರೂ ಉತ್ತರಕ್ಕಾಗಿ ನನ್ನನ್ನೇ ನೋಡುತ್ತಿದ್ದರು.

"ಒದ್ದೆಯಲ್ಲಿ ನಿಲ್ಬೇಡ" ಎಂದೆ. "ತಲೆ ಒರೆಸ್ಕೊಂಡು ಕ್ಲಾಸಿಗೆ ಹೋಗು."